ಏಳು ತಂತಿಯ ಚೌಡಯ್ಯ

ಹೋದ ವರ್ಷ ಇಲ್ಲಿ ಹೈದರಾಬಾದಿನಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ. ಸಂಜೆ ಪಿಟೀಲು ಕಚೇರಿ ನಡೀತಿರುವಾಗಲೇ ಕರೆಂಟು ಹೋಯ್ತು, ಮೈಕು ಸತ್ತಿತು. ವಾದಕರು ನಿಲ್ಲಿಸಲಿಲ್ಲ. ಕಿಟಕಿ ಬೆಳಕಿನಲ್ಲಿ ಕಮಾನು ಆಡೋದು ಕೊನೇ ಸಾಲಿನ ನನಗೆ ಕಾಣುತ್ತಿತ್ತು, ನಾದ ಮಾತ್ರ ಬರಲಿಲ್ಲ. ಎದ್ದು ಚಾ ಕುಡಿಯಲು ಹೋದೆ. ಆಮೇಲೆ ನಾಚಿಕೆಯಾಯಿತು. ಆಗ ನೆನಪಾದವರು ಮೈಸೂರಿನ ಟಿ. ಚೌಡಯ್ಯನವರು.

ಅವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಹಾಡುಗಾರರು, ಶಿಸ್ತಿನಲ್ಲಿ ಬಲು ಕಟ್ಟುನಿಟ್ಟು. ವರ್ಷಗಟ್ಟಲೆ ಸಾಧನೆಯ ಮೇಲೆ ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರ ಪಕ್ಕವಾದ್ಯಕ್ಕೆ ಕೂತರು.

ಕಷ್ಟ ಶುರುವಾದದ್ದು ಅಲ್ಲಿ. ಆಗ ಮೈಕು ಇಲ್ಲ. ಗಾಯಕರದು ಕಂಚಿನ ಕಂಠ, ಮಗ್ಗುಲಲ್ಲಿ ಮೃದಂಗ, ಎದುರಿಗೆ ತುಂಬಿದ ಸಭೆ. ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಬೇರೆಯವರಾಗಿದ್ದರೆ ಕಮಾನನ್ನು ಇನ್ನಷ್ಟು ಒತ್ತುತ್ತಿದ್ದರೋ ಏನೋ. ಇವರು ವಾದ್ಯವನ್ನೇ ಬದಲಿಸಿದರು. ಮೂರು ತಂತಿಗೆ ಒಂದೊಂದು ಜೊತೆ ತಂತಿ ಕಟ್ಟಿ ಏಳು ಮಾಡಿದರು. 1927ರ ಹೊತ್ತಿಗೆ ಅದನ್ನೇ ಹಿಡಿದು ಕಚೇರಿಗೆ ಹೋಗುತ್ತಿದ್ದರು.

ಹೇಳೋದು ಸುಲಭ. ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಅದುಮಬೇಕು, ಒಂದೇ ಕಮಾನು ಎರಡನ್ನೂ ಮೀಟಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಎರಡು ಪಟ್ಟು ಕೇಳುತ್ತೆ. ಶ್ರುತಿ ಮಾಡುವ ಕೆಲಸವೂ ಹೆಚ್ಚು. ಹೆಸರು ಮಾಡಿದ ಮೇಲೆ ಇಂಥ ಪ್ರಯೋಗಕ್ಕೆ ಇಳಿಯೋದು ಅಂದರೆ ಬಂದ ಹೆಸರನ್ನೇ ಪಣಕ್ಕಿಟ್ಟಂತೆ. ಆದರೆ ಒಂದು ಮಾತು: ಪಿಟೀಲು ನಮಗೆ ಬಂದದ್ದೇ ಯುರೋಪಿನಿಂದ. ನಮ್ಮವರು ಅದರ ಶ್ರುತಿಯನ್ನು ಸ-ಪ-ಸ-ಪ ಅಂತ ಬದಲಿಸಿ, ನೆಲದ ಮೇಲೆ ಕೂತು ನುಡಿಸಿ ತಮ್ಮದಾಗಿಸಿಕೊಂಡಿದ್ದರು. ಚೌಡಯ್ಯನವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು, ಅಷ್ಟೇ.

ಮುಂದೆ ಚೆಂಬೈ ಅವರ ಹಾಡು, ಪಾಲ್ಘಾಟ್ ಮಣಿ ಅವರ ಮೃದಂಗ, ಚೌಡಯ್ಯನವರ ಪಿಟೀಲು ಅಂದರೆ ಜನ ಮುಗಿಬೀಳುತ್ತಿದ್ದರು. 1943ರಲ್ಲಿ 'ವಾಣಿ' ಎಂಬ ಕನ್ನಡ ಚಿತ್ರವನ್ನೂ ತೆಗೆದರು. 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. 1967ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಮೈಕು ಎಲ್ಲ ಕಡೆ ಬಂದಿತ್ತು. ಯಾವ ಕೊರತೆಗೆ ಏಳು ತಂತಿ ಹುಟ್ಟಿತೋ ಆ ಕೊರತೆಯೇ ಇಲ್ಲವಾಯಿತು. ಇವತ್ತು ಹೆಚ್ಚಿನವರು ನುಡಿಸೋದು ನಾಲ್ಕು ತಂತಿಯದನ್ನೇ. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಮಾತ್ರ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ನಿಂತಿದೆ. ಹಾಗಾದರೆ ಆ ಶ್ರಮ ವ್ಯರ್ಥವೇ? ನನಗೆ ಹಾಗನಿಸೋದಿಲ್ಲ. ಕೊನೇ ಸಾಲಿನವನಿಗೂ ಕೇಳಿಸಬೇಕು ಅಂತ ಒಬ್ಬ ವಿದ್ವಾಂಸರು ಅಷ್ಟು ತಲೆ ಕೆಡಿಸಿಕೊಂಡರಲ್ಲ, ಅದು ಸಣ್ಣ ಮಾತಲ್ಲ.

ಮಿತ್ರರೇ, ಈ ಸಲ ಕರೆಂಟು ಹೋದರೆ ಚಾಗೆ ಏಳುವುದು ಬೇಡ. ನಾವೇ ನಾಲ್ಕು ಸಾಲು ಮುಂದೆ ಹೋಗಿ ಕೂರೋಣ.