ಜೀನ್ ಜುಗಾನ್

ಜೀನ್ ಜುಗಾನ್ (25 ಅಕ್ಟೋಬರ್ 1792 – 29 ಆಗಸ್ಟ್ 1879) ಫ್ರಾನ್ಸ್ ದೇಶದ ಕ್ರೈಸ್ತ ಸನ್ಯಾಸಿನಿ. ನಿರ್ಗತಿಕ ವೃದ್ಧರಿಗೆ ವಸತಿ ಮತ್ತು ಶುಶ್ರೂಷೆ ಒದಗಿಸುವ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಎಂಬ ಸಂಸ್ಥೆಯ ಸ್ಥಾಪಕಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮ ಈ ಸಂಸ್ಥೆಗೆ ಸೇರಿದೆ. ಸನ್ಯಾಸ ಜೀವನದಲ್ಲಿ ಅವರ ಹೆಸರು ಸಿಸ್ಟರ್ ಮೇರಿ ಆಫ್ ದಿ ಕ್ರಾಸ್.

ಆರಂಭಿಕ ಜೀವನ

ಜೀನ್ ಅವರು ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಜನಿಸಿದರು. ಅವರಿಗೆ ನಾಲ್ಕು ವರ್ಷ ತುಂಬುವ ಮೊದಲೇ, ಮೀನು ಹಿಡಿಯಲು ಹೋದ ತಂದೆ ಸಮುದ್ರದಲ್ಲಿ ಕಣ್ಮರೆಯಾದರು. ತಾಯಿ ಕೂಲಿ ಮಾಡಿ ಮಕ್ಕಳನ್ನು ಸಾಕಿದರು. ಹದಿನಾರರ ಸುಮಾರಿಗೆ ಜೀನ್ ಶ್ರೀಮಂತರೊಬ್ಬರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ವಿವಾಹದ ಪ್ರಸ್ತಾಪ ಬಂದಾಗ ನಿರಾಕರಿಸಿದರು.

1817ರಲ್ಲಿ ಸೇಂಟ್ ಸರ್ವಾನ್ ಪಟ್ಟಣಕ್ಕೆ ಬಂದು, ಅಲ್ಲಿನ ಆಸ್ಪತ್ರೆಯಲ್ಲಿ ಸುಮಾರು ಆರು ವರ್ಷ ರೋಗಿಗಳ ಸೇವೆ ಮಾಡಿದರು. ದಣಿವಿನಿಂದ ಆರೋಗ್ಯ ಕೆಟ್ಟಾಗ ಆ ಕೆಲಸ ಬಿಟ್ಟು, ಒಬ್ಬ ಮಹಿಳೆಯ ಮನೆಯಲ್ಲಿ 1835ರವರೆಗೆ ಸೇವಕಿಯಾಗಿದ್ದರು. ಆ ಬಳಿಕ ಫ್ರಾಂಸ್ವಾಸ್ ಓಬೇರ್ ಎಂಬ ವೃದ್ಧೆಯೊಡನೆ ಒಂದು ಚಿಕ್ಕ ಮನೆಯನ್ನು ಬಾಡಿಗೆಗೆ ಪಡೆದರು. ವರ್ಜಿನಿ ತ್ರೆದಾನಿಯೆಲ್ ಎಂಬ ಅನಾಥ ಯುವತಿಯೂ ಅವರ ಜೊತೆ ಸೇರಿದಳು.

ವೃದ್ಧರ ಸೇವೆ

1839ರ ಚಳಿಗಾಲದಲ್ಲಿ ಜೀನ್ ಅವರು ಆನ್ ಶೋವಾನ್ ಎಂಬ ಅಂಧ ವೃದ್ಧೆಯನ್ನು ತಮ್ಮ ಮನೆಗೆ ಕರೆತಂದರು. ಆಕೆಗೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ತಮ್ಮ ಹಾಸಿಗೆಯನ್ನೇ ಆಕೆಗೆ ಕೊಟ್ಟು, ತಾವು ಅಟ್ಟದಲ್ಲಿ ಮಲಗತೊಡಗಿದರು. ಸಂಸ್ಥೆಯ ಇತಿಹಾಸ ಈ ಘಟನೆಯಿಂದಲೇ ಆರಂಭವಾಗುತ್ತದೆ. ವೃದ್ಧೆಯರ ಸಂಖ್ಯೆ ಹೆಚ್ಚಿದಂತೆ 1841ರಲ್ಲಿ ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿಯಲಾಯಿತು. ಮರುವರ್ಷ ಹಳೆಯ ಕಾನ್ವೆಂಟ್ ಕಟ್ಟಡವೊಂದನ್ನು ಕೊಳ್ಳಲಾಯಿತು.

ಆಶ್ರಯ ಪಡೆದ ಹಲವರು ಅದುವರೆಗೆ ಭಿಕ್ಷೆ ಬೇಡಿ ಬದುಕುತ್ತಿದ್ದವರು. ಅವರನ್ನು ಮತ್ತೆ ಬೀದಿಗೆ ಕಳುಹಿಸದೆ, ಅವರಿಗೆ ಭಿಕ್ಷೆ ನೀಡುತ್ತಿದ್ದ ಮನೆಗಳಿಗೆ ಜೀನ್ ಅವರೇ ಬುಟ್ಟಿ ಹಿಡಿದು ಹೋಗತೊಡಗಿದರು. ಹಣ, ಆಹಾರ, ಬಟ್ಟೆ, ಏನು ಕೊಟ್ಟರೂ ಸ್ವೀಕರಿಸುತ್ತಿದ್ದರು. 1845ರಲ್ಲಿ ಫ್ರೆಂಚ್ ಅಕಾಡೆಮಿಯು ಅವರಿಗೆ 3,000 ಫ್ರಾಂಕ್ ಮೊತ್ತದ ಮೋಂತಿಯೋಂ ಪ್ರಶಸ್ತಿ ನೀಡಿತು. ರೆನ್, ದಿನಾನ್, ತೂರ್, ಆಂಜೆ ಮುಂತಾದ ಪಟ್ಟಣಗಳಲ್ಲಿ ಹೊಸ ಆಶ್ರಮಗಳು ತೆರೆದವು. 1851ರಲ್ಲಿ ಸಂಸ್ಥೆ ಲಂಡನ್ನಿಗೂ ತಲುಪಿತು.

ಪದಚ್ಯುತಿ ಮತ್ತು ಅಜ್ಞಾತವಾಸ

1842ರಲ್ಲಿ ಸಂಗಾತಿಗಳು ಜೀನ್ ಅವರನ್ನು ಮುಖ್ಯಸ್ಥೆಯಾಗಿ ಆರಿಸಿದ್ದರು. 1843ರ ಡಿಸೆಂಬರ್‌ನಲ್ಲಿ ಅವರು ಪುನಃ ಆಯ್ಕೆಯಾದರು. ಆದರೆ ಗುಂಪಿನ ಮಾರ್ಗದರ್ಶಕರಾಗಿದ್ದ ಪಾದ್ರಿ ಅಗಸ್ಟ್ ಲೆ ಪೈಯರ್ ಈ ಆಯ್ಕೆಯನ್ನು ರದ್ದುಗೊಳಿಸಿ, ಕಿರಿಯರಾದ ಮರಿ ಜಾಮೆ ಅವರನ್ನು ಆ ಸ್ಥಾನಕ್ಕೆ ನೇಮಿಸಿದರು. ಜೀನ್ ಪ್ರತಿಭಟಿಸದೆ ದಾನ ಸಂಗ್ರಹವನ್ನು ಮುಂದುವರಿಸಿದರು. 1852ರಲ್ಲಿ ರೆನ್ ನಗರದ ಬಿಷಪ್ ಸಂಸ್ಥೆಗೆ ಮಾನ್ಯತೆ ನೀಡಿದ ಬಳಿಕ, ಅವರನ್ನು ಮಾತೃಮಠಕ್ಕೆ ಹಿಂದಕ್ಕೆ ಕರೆಸಲಾಯಿತು. ಹೊರಗಿನ ಸಂಪರ್ಕ ನಿಂತಿತು. 1856ರಿಂದ ಕೊನೆಯವರೆಗೆ ಸೇಂಟ್ ಪೆರ್ನ್‌ನ ಮಠದಲ್ಲಿ ಹೊಸದಾಗಿ ದೀಕ್ಷೆಗೆ ಬಂದ ಯುವತಿಯರ ನಡುವೆ ಬಾಳಿದರು. ಸಂಸ್ಥೆಯ ಸ್ಥಾಪಕಿ ಅವರೇ ಎಂಬುದು ಆ ಯುವತಿಯರಲ್ಲಿ ಬಹುತೇಕರಿಗೆ ತಿಳಿದಿರಲಿಲ್ಲ.

ಆದರೂ ಒಂದು ಮುಖ್ಯ ನಿರ್ಧಾರದಲ್ಲಿ ಅವರ ಅಭಿಪ್ರಾಯವನ್ನು ಕೇಳಲಾಯಿತು. ಸಂಸ್ಥೆಯು ಸ್ಥಿರ ಆದಾಯವನ್ನು ಹೊಂದಬಹುದೇ ಎಂಬ ಪ್ರಶ್ನೆ 1865ರಲ್ಲಿ ಎದ್ದಾಗ, ದಾನವನ್ನು ಮಾತ್ರ ನಂಬಬೇಕೆಂಬ ಪಕ್ಷವನ್ನು ಅವರು ವಹಿಸಿದರು. ಸಂಸ್ಥೆಯೂ ಅದನ್ನೇ ಅಂಗೀಕರಿಸಿತು.

ನಿಧನ ಮತ್ತು ಗೌರವ

ಜೀನ್ 86ನೆಯ ವಯಸ್ಸಿನಲ್ಲಿ ನಿಧನರಾದಾಗ ಸಂಸ್ಥೆಯಲ್ಲಿ ಸುಮಾರು 2,400 ಸನ್ಯಾಸಿನಿಯರಿದ್ದರು. 1890ರಲ್ಲಿ ಲೆ ಪೈಯರ್ ಅವರನ್ನು ರೋಮ್‌ಗೆ ಕರೆಸಿ ಅಧಿಕಾರದಿಂದ ತೆಗೆಯಲಾಯಿತು. ಆನಂತರ ಸ್ಥಾಪನೆಯ ನಿಜಸಂಗತಿ ಕ್ರಮೇಣ ಬೆಳಕಿಗೆ ಬಂತು. 1982ರ ಅಕ್ಟೋಬರ್ 3ರಂದು ಪೋಪ್ ಎರಡನೆಯ ಜಾನ್ ಪಾಲ್ ಜೀನ್ ಅವರಿಗೆ ಪುನೀತ ಪದವಿಯನ್ನೂ, 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಂತ ಪದವಿಯನ್ನೂ ಘೋಷಿಸಿದರು.

ಭಾರತದಲ್ಲಿ

ಭಾರತದಲ್ಲಿ ಸಂಸ್ಥೆಯ ಸೇವೆ 1882ರಲ್ಲಿ ಕಲ್ಕತ್ತೆಯಿಂದ ಆರಂಭವಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಅತಿಥಿಸತ್ಕಾರವೆಂಬ ನಾಲ್ಕನೆಯ ವ್ರತವನ್ನು ಈ ಸನ್ಯಾಸಿನಿಯರು ಸ್ವೀಕರಿಸುತ್ತಾರೆ. ವೃದ್ಧರನ್ನು ಕೊನೆಯ ಉಸಿರಿನವರೆಗೆ ಕುಟುಂಬದವರಂತೆ ನೋಡಿಕೊಳ್ಳುವುದು ಆ ವ್ರತದ ಆಶಯ.