ಬರಕ್ಕೂ ನೆರೆಗೂ ಒಂದೇ ಲೆಕ್ಕ: ಗಡಿಯಾಚೆ ವಿಶ್ವೇಶ್ವರಯ್ಯನವರ ನೀರಿನ ಕೆಲಸ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಎಲ್ಲರಿಗೂ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಮಂಡ್ಯ, ಮೈಸೂರಿನವರಿಗೆ ಅದು ಸಹಜವೇ. ಆದರೆ ಗಡಿಯಾಚೆಯ ಕನ್ನಡಿಗರಿಗೆ ಅವರು ಬೇರೆ ದಾರಿಯಿಂದಲೂ ಹತ್ತಿರದವರು. ಬಾರಾಮತಿ, ಇಂದಾಪುರದ ನೀರಾ ಕಾಲುವೆ, ಪುಣೆಗೆ ನೀರು ಕೊಡುವ ಖಡಕವಾಸಲಾ, ತಾಂಡೂರು, ನಾರಾಯಣಪೇಟೆ ಕಡೆಯವರು ಹೈದರಾಬಾದಿಗೆ ಹೋದಾಗ ಕುಡಿದ ಗಂಡಿಪೇಟೆ ನೀರು, ಈ ಮೂರರ ಹಿಂದೆಯೂ ಅವರ ಕೆಲಸವಿದೆ. ಇವೆಲ್ಲ ಅವರು ಮೈಸೂರಿನ ದಿವಾನರಾಗುವ ಮೊದಲೇ ಮಾಡಿದ ಕೆಲಸಗಳು.

ಅವರ ಹಿರಿಯರ ಊರು ಆಂಧ್ರದ ಗಿದ್ದಲೂರು ಬಳಿಯ ಮೋಕ್ಷಗುಂಡಂ. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಗಡಿನಾಡಿನ ಮಕ್ಕಳಿಗೆ ಇದೇನೂ ಹೊಸದಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆ ಶ್ರೀನಿವಾಸ ಶಾಸ್ತ್ರಿಗಳು ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು, ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿದ. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದ.

ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣ (ಈಗ ಪಾಕಿಸ್ತಾನದಲ್ಲಿದೆ) ಅವರಿಗೆ ಸಿಕ್ಕ ಮೊದಲ ದೊಡ್ಡ ಪರೀಕ್ಷೆ. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ನೀರು ಬರೀ ಕೆಸರು. ಅದನ್ನು ಸೋಸಲು ದೊಡ್ಡ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ, ದಡದ ಹತ್ತಿರ ಬಾವಿ ತೆಗೆಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಗಿತ್ತು. ಒರತೆ ಹೆಚ್ಚಲೆಂದು ಬಾವಿಯ ತಳದಿಂದ ನದಿಯ ಕಡೆಗೆ ಸುರಂಗ ಕೊರೆಸಿದರು. ಆ ನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ 1895ರಲ್ಲಿ ಊರಿಗೆ ಕೊಟ್ಟರು. ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು ಒರತೆ ನೀರು ತುಂಬಿಕೊಳ್ಳುವುದು ನಮ್ಮ ಹೆಂಗಸರಿಗೆ ಗೊತ್ತಿರುವ ವಿದ್ಯೆಯೇ. ಅದನ್ನು ಒಂದು ಪಟ್ಟಣದ ಅಳತೆಗೆ ಹಿಗ್ಗಿಸಿದ್ದು ಇಂಜಿನಿಯರನ ಕೆಲಸ.

ಮುಂದೆ ಪುಣೆ. ಮುಠಾ ನದಿಯ ಖಡಕವಾಸಲಾ ಕೆರೆ ಪುಣೆ ನಗರಕ್ಕೂ ದಂಡಿನವರಿಗೂ ಕುಡಿಯುವ ನೀರು ಕೊಡುತ್ತಿತ್ತು, ಕಾಲುವೆಗೂ ಅದೇ ಆಧಾರ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ವ್ಯರ್ಥವಾಗಿ ಹರಿದುಹೋಗುವುದು, ಬೇಸಿಗೆಯಲ್ಲಿ ಅದೇ ಕೆರೆ ಸಾಲದಾಗುವುದು, ಇದು ವರ್ಷವೂ ನಡೆಯುತ್ತಿದ್ದ ಕಥೆ. ಕಟ್ಟೆಯನ್ನು ಎತ್ತರಿಸೋಣವೆಂದರೆ ಖರ್ಚು, ಜೊತೆಗೆ ಹಳೆಯ ಗೋಡೆ ತಡೆದೀತೇ ಎಂಬ ಭಯ. ವಿಶ್ವೇಶ್ವರಯ್ಯನವರು ಗೋಡೆಯನ್ನು ಮುಟ್ಟಲಿಲ್ಲ. ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಎದುರುತೂಕದ ಬಲದಿಂದ ಬಾಗಿಲು ತಾನೇ ತೆರೆಯುತ್ತದೆ, ನೆರೆ ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಿಲ್ಲ. ಇದರಿಂದ ಕೆರೆಯಲ್ಲಿ ಸುಮಾರು 8 ಅಡಿ ನೀರು ಹೆಚ್ಚಿಗೆ ನಿಂತಿತು. ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಸರಕಾರಿ ನೌಕರಿಯಲ್ಲಿದ್ದು ಸರಕಾರದ ಕೆಲಸಕ್ಕಾಗಿ ಮಾಡಿದ್ದಕ್ಕೆ ರಾಯಧನ ಬೇಡವೆಂದು ಅವರು ತೆಗೆದುಕೊಳ್ಳಲಿಲ್ಲ.

ಅದೇ ಹೊತ್ತಿಗೆ, 1899ರ ಸುಮಾರಿಗೆ, ನೀರಾ ಕಾಲುವೆಯಲ್ಲಿ ಅವರು ಬ್ಲಾಕ್ ಪದ್ಧತಿ ತಂದರು. ಮಳೆ ಕೈಕೊಟ್ಟು ದಖ್ಖನ್ ಪ್ರಾಂತವೆಲ್ಲ ಬರಗಾಲಕ್ಕೆ ಸಿಕ್ಕಿದ ಕಾಲವದು. ಒಂದು ಊರಿನ ಜಮೀನನ್ನು ಭಾಗ ಮಾಡಿ, ಒಂದಕ್ಕೆ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಜೋಳದಂಥ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಸರದಿ ಬದಲು. ಅಷ್ಟೇ ನೀರು ಹೆಚ್ಚು ಊರುಗಳಿಗೆ ಮುಟ್ಟಬೇಕೆಂಬುದು ಉದ್ದೇಶ. ಕಾಲುವೆಯ ತಲೆಯಲ್ಲಿ ಬೇಕಾದಷ್ಟು ನೀರು ಹಾಯಿಸಿ ರೂಢಿಯಾದ ರೈತನಿಗೆ ಇಂಥ ಕಟ್ಟುಪಾಡು ಹಿಡಿಸುವುದಿಲ್ಲ. ಕೊನೆಯ ಊರಿನವನಿಗೆ ಮಾತ್ರ ಇದರ ಬೆಲೆ ತಿಳಿಯುತ್ತದೆ. ಈ ಜಗಳ ನಮ್ಮ ಕಾಲುವೆಗಳಲ್ಲಿ ಇವತ್ತಿಗೂ ಮುಗಿದಿಲ್ಲ.

1906ರಲ್ಲಿ ಅವರನ್ನು ಏಡನ್ ಬಂದರಿಗೆ ಕಳಿಸಿದರು. ಮಳೆಯೇ ಅಪರೂಪವಾದ ಆ ಊರಿಗೂ ನೀರು ಮತ್ತು ಒಳಚರಂಡಿಯ ಯೋಜನೆ ಬರೆದುಕೊಟ್ಟು ಬಂದರು. 1908ರಲ್ಲಿ ಮುಂಬಯಿ ಸರಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸ ಹೊರಟರು. ಅಲ್ಲಿರುವಾಗಲೇ ಹೈದರಾಬಾದಿನಿಂದ ಕರೆ ಬಂತು.

ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ ದೊಡ್ಡ ನದಿಯೇನಲ್ಲ. ಆದರೆ 1908ರ ಸೆಪ್ಟೆಂಬರ್ 28ರಂದು ಅದು ಹೈದರಾಬಾದಿನ ನಡುವೆ ಉಕ್ಕಿ ಹರಿದಾಗ ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜ್‌ನ ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಆ ಮರವನ್ನು ಜನ ಮುಂದೆಯೂ ಕೃತಜ್ಞತೆಯಿಂದ ಕಂಡರು.

1909ರಲ್ಲಿ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರು ನದಿಯೊಂದನ್ನೇ ನೋಡಲಿಲ್ಲ. ನದಿಗೆ ನೀರು ಬರುವ ಸೀಮೆಯ ಕೆರೆಗಳನ್ನೆಲ್ಲ ಎಣಿಸಿದರು. 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತಾ ಬಂದಿತ್ತು. ಊರಿಗೆ ಕೆಲವೇ ಮೈಲಿ ಮೇಲೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಕಟ್ಟಬೇಕೆಂದು ಅವರು ವರದಿ ಕೊಟ್ಟರು. ನೆರೆ ಬಂದಾಗ ಹಿಡಿದಿಡಲು ಅಲ್ಲಿ ಜಾಗ ಬೇಕು, ನೆರೆ ಇಲ್ಲದಾಗ ಅದೇ ನೀರು ನಗರದ ಬಾಯಾರಿಕೆಗೆ ಒದಗಬೇಕು. ನೆರೆಗಾಗಿ ಖಾಲಿ ಜಾಗ ಉಳಿಸುವುದು, ಬರಕ್ಕಾಗಿ ತುಂಬಿಡುವುದು, ಎರಡೂ ಒಂದೇ ಕಟ್ಟೆಯಲ್ಲಿ ನಡೆಯಬೇಕು. ಹೇಳಲು ಸುಲಭ, ಲೆಕ್ಕ ಕಷ್ಟದ್ದು.

ಕಟ್ಟುವ ಕೆಲಸ ಬೇರೆ ಇಂಜಿನಿಯರುಗಳ ಪಾಲಿಗೆ ಬಂತು. ಜನರ ಬಾಯಲ್ಲಿ ಗಂಡಿಪೇಟೆ ಎನಿಸಿದ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1927ರಲ್ಲಿ. ಗಂಡಿಪೇಟೆಯಿಂದ ಆಸಿಫ್‌ನಗರದ ಶುದ್ಧೀಕರಣ ಘಟಕದವರೆಗೆ ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ನೀರು ಹರಿದುಬರುತ್ತಿತ್ತು.

ಅಷ್ಟರಲ್ಲಿ ಅವರು 1909ರ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರಾದರು. ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಇಲ್ಲಿ ಮತ್ತೆ ಹೇಳಬೇಕಿಲ್ಲ. 1920ರ ದಶಕದಲ್ಲಿ ಹೆಸರಘಟ್ಟ ಕೆರೆ ಬತ್ತಿ ಬೆಂಗಳೂರು ಬಾಯಾರಿದಾಗ ಮತ್ತೆ ಅವರ ಸಲಹೆಯೇ ಬೇಕಾಯಿತು. 1930ರ ದಶಕದ ಮೊದಲಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು.

1955ರಲ್ಲಿ ಭಾರತರತ್ನ ಸಿಕ್ಕಿತು. ನೂರು ದಾಟಿ ಬದುಕಿದ ಅವರು ಒಂದು ಕೆಟ್ಟ ಸುದ್ದಿಯನ್ನೂ ಕಾಣಬೇಕಾಯಿತು. 1961ರ ಜುಲೈ 12ರಂದು ಪುಣೆಯ ಮೇಲ್ಭಾಗದಲ್ಲಿ ಇನ್ನೂ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟೆ ಒಡೆದು, ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಕಟ್ಟೆಯೂ ಒಡೆಯಿತು. ನಗರ ನೆರೆಯಲ್ಲಿ ಮುಳುಗಿತು, ಮರುದಿನದಿಂದ ಕುಡಿಯಲು ನೀರಿಲ್ಲ. ಮುಂದೆ ಆ ಕಟ್ಟೆಯನ್ನು ಮತ್ತೆ ಕಟ್ಟಿದರು. 1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು.

ಹೈದರಾಬಾದ್ ಬೆಳೆದಂತೆ ಮಂಜೀರಾ, ಕೃಷ್ಣಾ, ಗೋದಾವರಿಯಿಂದ ನೀರು ತರಬೇಕಾಯಿತು. ಎರಡೂ ಸಾಗರಗಳ ಸುತ್ತ 10 ಕಿ.ಮೀ. ಒಳಗೆ ಕಟ್ಟಡಗಳಿಗೆ ಕಡಿವಾಣ ಹಾಕಿ 1996ರಲ್ಲಿ ಸರಕಾರ 111ನೇ ಆದೇಶ ಹೊರಡಿಸಿತ್ತು. ಆ ನಿರ್ಬಂಧ ತೆಗೆಯಲು 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರಕಾರ ಇನ್ನೊಂದು ಆದೇಶ ಹೊರಡಿಸಿತು. ಅದಕ್ಕೆ ಒಂದೂವರೆ ವರ್ಷ ಮೊದಲು, 2020ರ ಅಕ್ಟೋಬರ್ ಮಳೆಯಲ್ಲಿ, ಹಿಮಾಯತ್ ಸಾಗರ ತುಂಬಿ ಬಾಗಿಲುಗಳನ್ನು ತೆರೆಯಬೇಕಾಗಿ ಬಂದಿತ್ತು.