ಅಮ್ಮ ಕಲಿಸಿದ ನಂಬಿಕೆ, ತಾನೇ ಕಂಡ ಕರ್ತರು: ಪಂಡಿತಾ ರಮಾಬಾಯಿಯವರ ಜೀವನ

 

ಇಲ್ಲಿ ಕೂತಿರುವ ಯೌವನಸ್ಥರಲ್ಲಿ ಬಹಳ ಜನ ಎರಡನೇ ತಲೆಮಾರಿನ ವಿಶ್ವಾಸಿಗಳು. ನಿಮ್ಮ ಅಪ್ಪನೋ ಅಜ್ಜಿಯೋ ಗುಂಜಹಳ್ಳಿಯಲ್ಲಿ, ಮಾನ್ವಿಯಲ್ಲಿ, ದೇವದುರ್ಗದ ಕಡೆ ಯಾವುದೋ ಊರಲ್ಲಿ ಮೊದಲು ಕರ್ತರನ್ನು ನಂಬಿದರು. ಬೈಗುಳ ಕೇಳಿದರು, ಉಪವಾಸ ಮಾಡಿದರು, ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದರು. ನೀವು ಸಂಡೇ ಸ್ಕೂಲಲ್ಲಿ ಕಂಠಪಾಠ ವಾಕ್ಯ ಹೇಳಿ ಪ್ರೈಜ್ ತಗೊಂಡವರು. ಅದು ತಪ್ಪಲ್ಲ, ದೊಡ್ಡ ಆಶೀರ್ವಾದ. ಆದರೆ ಈಗ ಬೆಂಗಳೂರಿನ ಪಿಜಿಯಲ್ಲೋ ಹೈದರಾಬಾದಿನ ಆಫೀಸಲ್ಲೋ ಇದ್ದೀರಿ. ಭಾನುವಾರ ಬೆಳಗ್ಗೆ ಎಬ್ಬಿಸೋಕೆ ಅಮ್ಮ ಇಲ್ಲ. ಫೋನ್ ಮಾಡಿ ಸಭೆಗೆ ಹೋದೆಯಾ ಅಂತ ಕೇಳ್ತಾರೆ, ನೀವು ಹೂಂ ಅಂತೀರಿ. ಆ ಹೂಂ ಒಳಗೆ ಏನಿದೆ ಅಂತ ನಿಮಗೆ ಗೊತ್ತು, ಕರ್ತರಿಗೆ ಗೊತ್ತು.

ಯೋಹಾನ 4ನೇ ಅಧ್ಯಾಯ ತೆಗೆಯಿರಿ. ಸಮಾರ್ಯದ ಹೆಂಗಸಿನ ಕಥೆ ಎಲ್ಲರಿಗೂ ಗೊತ್ತು, ಆದರೆ ನಾವು ಸಾಮಾನ್ಯವಾಗಿ ಬಾವಿ, ನೀರು ಅಂತ ಹೇಳಿ ಅಲ್ಲಿಗೇ ನಿಲ್ಲಿಸ್ತೀವಿ. 42ನೇ ವಚನ ಓದಿ ನೋಡಿ. ಊರಿನವರು ಮೊದಲು ಆ ಹೆಂಗಸಿನ ಮಾತು ಕೇಳಿ ನಂಬಿದರು. ಯೇಸು ಎರಡು ದಿನ ಅವರ ಜೊತೆ ಉಳಿದರು. ಆಮೇಲೆ ಊರಿನವರು ಆಕೆಗೆ ಹೇಳ್ತಾರೆ, ಇನ್ನು ನಮ್ಮ ನಂಬಿಕೆ ನಿನ್ನ ಮಾತಿನ ಮೇಲೆ ನಿಂತಿಲ್ಲ, ನಾವೇ ಕೇಳಿದ್ದೇವೆ ಅಂತ. ಆಕೆಗೆ ಬೇಜಾರಾಯಿತು ಅಂತ ಬೈಬಲ್‌ನಲ್ಲಿ ಎಲ್ಲೂ ಬರೆದಿಲ್ಲ.

ಈ ಅಧ್ಯಾಯವೇ ಒಬ್ಬ ಹೆಣ್ಣುಮಗಳ ಜೀವನ ತಿರುಗಿಸಿತು. ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದ ಕಾಡಲ್ಲಿ. ಆಕೆಯ ತಾಯಿ ಸತ್ತದ್ದು ನಮ್ಮ ರಾಯಚೂರಲ್ಲಿ. ಪಂಡಿತಾ ರಮಾಬಾಯಿ. ಹೆಸರು ಕೇಳಿದ್ದೀರಿ, ಮುಕ್ತಿ ಮಿಷನ್ ಅಂದರೆ ಮಹಾರಾಷ್ಟ್ರದವರು ಅಂತ ಬಿಟ್ಟುಬಿಡ್ತೀವಿ. ಇವತ್ತು ಬಿಡೋದು ಬೇಡ.

ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಮಂಗಳೂರು ಸೀಮೆಯ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಆ ಕಾಲದಲ್ಲಿ ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತ ಕಟ್ಟುಪಾಡು. ಈ ಮನುಷ್ಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಅದಕ್ಕೆ ಉಡುಪಿಯಲ್ಲಿ ಪಂಡಿತರ ಸಭೆ ಸೇರಿಸಿ ವಿಚಾರಣೆ ಮಾಡಿದರು. ಅವರು ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಿದರು, ಯಾರಿಗೂ ತಪ್ಪು ಹಿಡಿಯೋಕೆ ಆಗಲಿಲ್ಲ. ಆಮೇಲೆ ಸಂಸಾರ ಕಟ್ಟಿಕೊಂಡು ಪಶ್ಚಿಮ ಘಟ್ಟದ ಗಂಗಾಮೂಲಕ್ಕೆ ಹೋದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಅಲ್ಲಿ 1858ರ ಏಪ್ರಿಲ್‌ನಲ್ಲಿ ರಮಾ ಹುಟ್ಟಿದರು. ಆ ತುಂಗೆಯ ನೀರೇ ತುಂಗಭದ್ರೆಯಾಗಿ ನಮ್ಮ ಜಿಲ್ಲೆಯ ದಕ್ಷಿಣದ ಗಡಿ ಸವರಿಕೊಂಡು ಹರಿಯೋದು. ಆ ಕುಟುಂಬವೂ ಹಾಗೆಯೇ ಹರಿದು ಬಂತು ಅನ್ನಬೇಕು. ಮಗುವಿಗೆ ಆರು ತಿಂಗಳಾದಾಗ ಬೆತ್ತದ ಬುಟ್ಟಿಯಲ್ಲಿಟ್ಟು, ಆಳಿನ ತಲೆ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಅಲ್ಲಿಂದ ವರ್ಷಾನುಗಟ್ಟಲೆ ತೀರ್ಥಯಾತ್ರೆ. ಪುರಾಣ ಓದೋದು, ಕೇಳಿದವರು ಕೊಟ್ಟಿದ್ದರಲ್ಲಿ ಬದುಕೋದು.

ರಮಾಗೆ ಸುಮಾರು ಎಂಟು ವರ್ಷವಾದಾಗಿನಿಂದ ಅಮ್ಮನೇ ಗುರು. ಹಗಲು ಅಮ್ಮನಿಗೆ ಪುರುಸೊತ್ತಿಲ್ಲ. ಹಾಗಾಗಿ ಬೆಳಕು ಹರಿಯೋಕೆ ಮುಂಚೆ, ನಿದ್ದೆಗಣ್ಣಿನ ಮಗುವನ್ನು ಮುದ್ದಿನಿಂದ ಎಬ್ಬಿಸಿ ಶ್ಲೋಕ ಹೇಳಿಸ್ತಿದ್ದರು. ಭಾಗವತದ 18,000 ಶ್ಲೋಕ ಆ ಹುಡುಗಿಗೆ ಬಾಯಿಪಾಠ. ಕಂಠಪಾಠ ಅಂದರೆ ಏನು ಅಂತ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಒಮ್ಮೆ ಹೇಳಬೇಕು ಇದನ್ನ!

ಮುಂದೆ ಬರಗಾಲ. ಇದ್ದ ಹಣ ವ್ರತಕ್ಕೆ, ದಾನಕ್ಕೆ ಮುಗಿದಿತ್ತು. ಕೂಲಿ ಮಾಡೋದು ಗೊತ್ತಿಲ್ಲ, ಬೇಡೋಕೆ ಮನಸ್ಸು ಒಪ್ಪೋದಿಲ್ಲ. ಎಲೆ ತಿಂದು, ನೀರು ಕುಡಿದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು. ಸಾಯೋಕೆ ಮುಂಚೆ ಹದಿನಾರರ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೀನಿ, ನೀನು ಅವನವಳು, ಅವನನ್ನೇ ಸೇವಿಸು ಅಂತ ಹೇಳಿದರಂತೆ. ಆ ದೇವರು ಯಾರು ಅನ್ನೋ ಪ್ರಶ್ನೆ ಮಗಳ ಜೊತೆ ಉಳಿಯಿತು.

ಉಳಿದವರು ರಾಯಚೂರಿಗೆ ಬಂದರು. ಆಗ ನಿಜಾಮರ ಸೀಮೆ. ತಾಯಿ ಜ್ವರದಲ್ಲಿ, ಹಸಿವಿನಲ್ಲಿ ಮಲಗಿದ್ದಾರೆ. ಒಂದು ಚೂರು ಸಜ್ಜಿ ರೊಟ್ಟಿ ಇದ್ದರೆ ಅಂತ ಹಂಬಲಿಸ್ತಿದ್ದಾರೆ. ಸಜ್ಜಿ ರೊಟ್ಟಿ, ನಮ್ಮ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟೋದು. ರಮಾ ಪಕ್ಕದ ಮನೆ ಬಾಗಿಲಿಗೆ ಹೋಗಿ ನಿಂತರು. 18,000 ಶ್ಲೋಕ ಹೇಳುವ ಬಾಯಿಗೆ ಒಂದು ರೊಟ್ಟಿ ಕೇಳೋಕೆ ಮಾತು ಬರಲಿಲ್ಲ, ಬರೀ ಕಣ್ಣೀರು. ಆ ಮನೆಯಾಕೆಗೆ ಅರ್ಥ ಆಯಿತು, ಕೊಟ್ಟಳು. ತಂದರೆ ಅಮ್ಮನಿಗೆ ತಿನ್ನೋ ಶಕ್ತಿ ಇರಲಿಲ್ಲ. ಕೆಲವು ದಿನಕ್ಕೆ ಹೋಗಿಬಿಟ್ಟರು. ಹೆಣ ಹೊರೋಕೆ ಜನ ಸಿಗಲಿಲ್ಲ. ಕಡೆಗೆ ಇಬ್ಬರು ಒಪ್ಪಿದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೇ ಹೆಗಲು ರಮಾ. ಕುಳ್ಳಿ ಆಗಿದ್ದರಿಂದ ಚಟ್ಟದ ತನ್ನ ಮೂಲೆಯನ್ನು ತಲೆ ಮೇಲೆ ಹೊತ್ತುಕೊಂಡು ನಡೆದರು. ನಮ್ಮ ಸ್ಟೇಷನ್ ರೋಡಲ್ಲಿ ಓಡಾಡೋವಾಗ ಒಂದು ಸಲ ನೆನಪಿಸಿಕೊಳ್ಳಿ, ಈ ಊರಿನ ಮಣ್ಣಲ್ಲಿ ಹೀಗೊಂದು ಮೆರವಣಿಗೆ ಹೋಗಿದೆ.

ಅಕ್ಕನೂ ಸತ್ತರು. ಅಣ್ಣ ತಂಗಿ ಇಬ್ಬರೇ ಕಾಶ್ಮೀರದವರೆಗೂ ನಡೆದರು. ಝೇಲಂ ನದಿ ದಡದಲ್ಲಿ ಚಳಿ ತಡೆಯೋಕೆ ಮರಳಲ್ಲಿ ಗುಂಡಿ ತೋಡಿ, ಒಳಗೆ ಮಲಗಿ, ಮೇಲೆ ಮರಳು ಎಳೆದುಕೊಂಡ ರಾತ್ರಿಗಳಿವೆ. ಈ ನಡಿಗೆಯಲ್ಲೇ ಅಪ್ಪ ಅಮ್ಮನ ನಂಬಿಕೆ ಕೈಯಿಂದ ಜಾರಿತು. ಹೇಳಿದ ವ್ರತವೆಲ್ಲ ಮಾಡಿದ್ದೀವಿ, ಉತ್ತರ ಎಲ್ಲಿ ಅನ್ನೋ ಪ್ರಶ್ನೆ. ಇದನ್ನು ಕೇಳಿ ನಾವು ಇನ್ನೊಬ್ಬರ ಧರ್ಮ ಹಳಿಯೋಕೆ ಹೋಗಬಾರದು. ಆ ಅಪ್ಪ ಪ್ರಾಮಾಣಿಕ ಮನುಷ್ಯ, ಮಗಳು ಕೊನೇತನಕ ಅವರನ್ನು ಗೌರವದಿಂದಲೇ ನೆನೆದರು. ನಾನು ಹೇಳೋದು ಬೇರೆ. ಅಪ್ಪ ಅಮ್ಮ ಎಷ್ಟೇ ಪ್ರಾಮಾಣಿಕರಾದರೂ ಅವರ ನಂಬಿಕೆ ಮಕ್ಕಳಿಗೆ ತಾನಾಗಿ ಇಳಿದು ಬರೋದಿಲ್ಲ. ಹೊಲ ಬರುತ್ತೆ, ಮನೆ ಬರುತ್ತೆ. ಇದು ಬರೋದಿಲ್ಲ.

1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಅಲ್ಲಿಯೇ ಮೊದಲ ಸಲ ಕ್ರೈಸ್ತರ ಕೂಟಕ್ಕೆ ಹೋಗಿದ್ದು. ಎಲ್ಲರೂ ಕುರ್ಚಿ ಕಡೆ ತಿರುಗಿ ಮೊಣಕಾಲೂರಿ ಪ್ರಾರ್ಥಿಸಿದರು. ಅಣ್ಣ ತಂಗಿ ನೋಡಿ, ಇವರು ಕುರ್ಚಿಗೆ ನಮಸ್ಕಾರ ಮಾಡ್ತಾರೆ ಅಂದುಕೊಂಡರು! ನಗು ಬರುತ್ತೆ, ಆದರೆ ಹೊರಗಿನವರಿಗೆ ನಮ್ಮ ಆರಾಧನೆ ಹೇಗೆ ಕಾಣುತ್ತೆ ಅಂತ ಯೋಚಿಸಿದ್ದೀವಾ? ಒಂದು ಸಂಸ್ಕೃತ ಬೈಬಲ್ ಕೊಟ್ಟರು. ಅಷ್ಟು ದೊಡ್ಡ ಪಂಡಿತೆಗೆ ಅದು ತಲೆಗೆ ಹತ್ತಲಿಲ್ಲ.

1880ರಲ್ಲಿ ಅಣ್ಣ ಸತ್ತರು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಅನ್ನುವ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆ, ಕೈಯಲ್ಲಿ ಕೂಸು. ಗಂಡನ ಪುಸ್ತಕಗಳ ಮಧ್ಯೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಸಿಕ್ಕಿತ್ತು, ಅದನ್ನು ಓದಿದ್ದರು. ಪುಣೆಗೆ ಬಂದು ಇಂಗ್ಲಿಷ್ ಕಲಿತರು, 1883ರಲ್ಲಿ ಇಂಗ್ಲೆಂಡಿಗೆ ಹೋದರು.

ಲಂಡನ್ನಿನ ಫುಲ್ಹಮ್‌ನಲ್ಲಿ ವಾಂಟೇಜ್ ಸಿಸ್ಟರ್‌ಗಳು ದಾರಿ ತಪ್ಪಿದ ಹೆಂಗಸರಿಗಾಗಿ ನಡೆಸುವ ಮನೆ ನೋಡಿದರು. ಸಮಾಜ ದೂಡಿದ ಹೆಂಗಸರಿಗೆ ಇಷ್ಟು ಪ್ರೀತಿ ಯಾಕೆ ಅಂತ ಕೇಳಿದಾಗ ಒಬ್ಬ ಸಿಸ್ಟರ್ ಸಮಾರ್ಯದ ಹೆಂಗಸಿನ ಅಧ್ಯಾಯ ಓದಿ ಹೇಳಿದರು. ಅದು ಒಳಗೆ ನಾಟಿತು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನ ಆಯಿತು.

ಸಾಮಾನ್ಯವಾಗಿ ಸಾಕ್ಷಿ ಹೇಳುವಾಗ ನಾವು ಇಲ್ಲಿಗೆ ನಿಲ್ಲಿಸಿ ಹಲ್ಲೆಲೂಯಾ ಅಂತೀವಿ. ರಮಾಬಾಯಿಯವರು ನಿಲ್ಲಿಸಲಿಲ್ಲ. ದೀಕ್ಷಾಸ್ನಾನ ಆದ ಮೇಲೆ ಅವರ ನಿಜವಾದ ಜಗಳ ಶುರುವಾಯಿತು. ಸಿಸ್ಟರ್ ಜೆರಾಲ್ಡಿನ್ ಅವರಿಗೆ ಆತ್ಮಿಕ ತಾಯಿ ಇದ್ದ ಹಾಗೆ. ಸಭೆ ಹೇಳಿದ್ದನ್ನು ವಿನಯದಿಂದ ಒಪ್ಪಿಕೋ ಅಂತ ಅವರು. ಪುರೋಹಿತರ ನೊಗ ಈಗಷ್ಟೇ ಕಳಚಿದ್ದೀನಿ, ಇನ್ನೊಂದು ನೊಗಕ್ಕೆ ಕೊರಳು ಕೊಡೋದಿಲ್ಲ ಅಂತ ಇವರು. ತ್ರಯೈಕ್ಯದ ಬಗ್ಗೆ ಪತ್ರಗಳಲ್ಲಿ ವಾದ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕೆ ಆಗಬಾರದು ಅಂತ ಕೇಳಿದರು. ಮಾಂಸ ಮುಟ್ಟಲಿಲ್ಲ. ಕೆಲವರಿಗೆ ಇದು ಅಹಂಕಾರವಾಗಿ ಕಂಡಿತು. ನನಗೆ ಹಾಗೆ ಅನಿಸೋದಿಲ್ಲ. ಪ್ರಶ್ನೆ ಕೇಳೋ ಯೌವನಸ್ಥರನ್ನು ನೋಡಿ ಹಿಂಜಾರಿದರು ಅಂತ ತಕ್ಷಣ ಷರಾ ಬರೆಯುವ ಹಿರಿಯರು, ನಾವು ಸೇವಕರೂ ಸೇರಿದಂತೆ, ಈ ಪತ್ರಗಳನ್ನು ಓದಬೇಕು. ಕೇಳುತ್ತಾ ಕೇಳುತ್ತಾ ಆಕೆ ಯೇಸುವಿಗೆ ಹತ್ತಿರವೇ ಹೋದರು.

ಅಮೆರಿಕಕ್ಕೆ ಹೋಗಿ, 1887ರಲ್ಲಿ ಮೇಲ್ಜಾತಿ ಹಿಂದೂ ಸ್ತ್ರೀಯರ ಬಗ್ಗೆ ಪುಸ್ತಕ ಬರೆದು, ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. ಮುಂದಿನ ವರ್ಷ ಅದು ಪುಣೆಗೆ ಬಂತು. ಹೊರಗಿಂದ ನೋಡಿದರೆ ಏನು ಕಡಿಮೆ? ದೀಕ್ಷಾಸ್ನಾನ ಆಗಿದೆ, ಬೈಬಲ್ ಗೊತ್ತು, ಸೇವೆ ನಡೀತಿದೆ, ಲೋಕವೆಲ್ಲ ಹೆಸರು. ಆದರೆ ಒಳಗೆ ಬರಿದು. ಆಗ ಇಂಗ್ಲೆಂಡಿನ ವಿಲಿಯಂ ಹಸ್ಲಮ್ ಅನ್ನುವ ಪಾದ್ರಿಯ ಆತ್ಮಕಥೆ ಓದಿದರು. ಈ ಹಸ್ಲಮ್ ವರ್ಷಗಟ್ಟಲೆ ಸಭೆ ನಡೆಸಿದವರು. 1851ರಲ್ಲಿ ಒಂದು ಭಾನುವಾರ ಪ್ರಸಂಗ ಮಾಡುತ್ತಾ ಮಾಡುತ್ತಾ, ತಾನು ಹೇಳುತ್ತಿರುವ ರಕ್ಷಣೆ ತನಗೇ ಆಗಿಲ್ಲ ಅಂತ ಹೊಳೆದು, ಪೀಠದ ಮೇಲೆಯೇ ಮನಸ್ಸು ತಿರುಗಿದವರು. ಇದು ನನ್ನಂಥವರಿಗೆ ಹೆದರಿಕೆ ಹುಟ್ಟಿಸುವ ಕಥೆ.

ರಮಾಬಾಯಿಯವರಿಗೆ ತನ್ನದೂ ಇದೇ ಸ್ಥಿತಿ ಅಂತ ಗೊತ್ತಾಯಿತು. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ, 1891ರ ಹೊತ್ತಿಗೆ, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇನೆ, ಕ್ರಿಸ್ತನನ್ನಲ್ಲ ಅಂತ ಅವರು ಒಪ್ಪಿಕೊಂಡರು. ಇದನ್ನು ಆಮೇಲೆ ತಾವೇ ಬರೆದರು, ಮುಚ್ಚಿಡಲಿಲ್ಲ. ಯೋಚಿಸಿ, ನಿಮ್ಮ ಸಭೆಯ ಲೀಡರ್ ಎದ್ದು ನಿಂತು ನನಗೆ ಇನ್ನೂ ರಕ್ಷಣೆ ಆಗಿರಲಿಲ್ಲ ಅಂತ ಹೇಳಿದರೆ ಹೇಗಿರುತ್ತೆ? ಅವರು ಹೊಸದಾಗಿ ಏನೂ ಗಳಿಸಲಿಲ್ಲ. ಗಳಿಸೋ ಪ್ರಯತ್ನ ಬಿಟ್ಟು, ಇದ್ದ ಹಾಗೇ ಕರ್ತರ ಪಾದಕ್ಕೆ ಬಿದ್ದರು. ರಕ್ಷಣೆ ವರ ಅಂತ ಅವತ್ತು ತಿಳಿಯಿತು. ತಂದೆ ಸಾಯುವಾಗ ಒಪ್ಪಿಸಿದ ಆ ಕೈ ಯಾರದು ಅಂತಲೂ.

ಇದರ ಬೆಲೆ ಕಡಿಮೆ ಇರಲಿಲ್ಲ. ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರತೊಡಗಿದಾಗ 1893ರಲ್ಲಿ ಪುಣೆಯಲ್ಲಿ ಗದ್ದಲವಾಯಿತು. ರಾನಡೆ, ಭಂಡಾರ್ಕರ್‌ರಂಥ ದೊಡ್ಡವರು ಸಲಹಾ ಮಂಡಳಿ ಬಿಟ್ಟರು, ಎಷ್ಟೋ ಪಾಲಕರು ಮಕ್ಕಳನ್ನು ಕರೆದುಕೊಂಡು ಹೋದರು. ಇವರು ಪ್ರಾರ್ಥನೆಯ ಕೋಣೆಯ ಬಾಗಿಲು ಹಾಕಲಿಲ್ಲ. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರಗಾಲ ಬಿದ್ದಾಗ ರಾಯಚೂರಿನ ಆ ರೊಟ್ಟಿ ಅವರಿಗೆ ನೆನಪಾಗದೆ ಇರುತ್ತಾ? ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ತಂದರು. ಕೇಡ್ಗಾಂವ್‌ನ ನೂರು ಎಕರೆ ಜಮೀನಿನಲ್ಲಿ ಮುಕ್ತಿ ಬೆಳೆಯಿತು. 1900ರ ಗುಜರಾತ್ ಬರಗಾಲದ ನಂತರ ಅಲ್ಲಿ ಸುಮಾರು ಎರಡು ಸಾವಿರ ಜನ.

1905ರ ಜನವರಿಯಲ್ಲಿ ಪ್ರಾರ್ಥನೆಗೆ ಯಾರು ಬರುತ್ತೀರಿ ಅಂದಾಗ ಎಪ್ಪತ್ತು ಜನ ಬಂದರು, ಜೂನ್ ಹೊತ್ತಿಗೆ 550. ಜೂನ್ 29ರ ನಸುಕಿನಲ್ಲಿ ಹಾಸ್ಟೆಲಿನ ಒಬ್ಬ ಹುಡುಗಿಯ ಮೇಲೆ ಬೆಂಕಿ ಇಳಿದಂತೆ ಕಂಡು ಜೊತೆಯವಳು ನೀರು ತರೋಕೆ ಓಡಿದಳು ಅಂತ ಮಿನ್ನಿ ಅಬ್ರಾಮ್ಸ್ ಬರೆದಿಟ್ಟಿದ್ದಾರೆ. ಅಜುಸಾ ಸ್ಟ್ರೀಟ್‌ನ ಉಜ್ಜೀವನ 1906ರ ಏಪ್ರಿಲ್‌ನದು. ಅಂದರೆ ನಾವು ಅಮೆರಿಕದಿಂದ ಬಂತು ಅಂದುಕೊಳ್ಳುವ ಬೆಂಕಿ ಅದಕ್ಕೆ ಮುಂಚೆಯೇ ಕೇಡ್ಗಾಂವ್‌ನಲ್ಲಿ ಹೊತ್ತಿತ್ತು. ಮಿನ್ನಿ ಅಬ್ರಾಮ್ಸ್‌ರ ಪುಸ್ತಕ ಚಿಲಿ ದೇಶ ತಲುಪಿ ಅಲ್ಲಿನ ಪೆಂತೆಕೋಸ್ತ್ ಸಭೆಗಳಿಗೆ ಕಾರಣವಾಯಿತು. ಇನ್ನು ಅನ್ಯಭಾಷೆ, ದರ್ಶನ, ಇವುಗಳ ಬಗ್ಗೆ ಬೇರೆ ದಿನ ಮಾತಾಡೋಣ. ಇವತ್ತಿಗೆ ಒಂದು ಮಾತು: ಆ ಹುಡುಗಿಯರು ತಮ್ಮ ಬಾಯಿಂದ ತಾವೇ ಪಾಪ ಅರಿಕೆ ಮಾಡಿ, ತಾವೇ ಪ್ರಾರ್ಥಿಸಿದರು. ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಅವರ ಬಾಯಿಗೆ ತುರುಕಲಿಲ್ಲ.

ಈಗ ಮನೋರಮಾ. ನಾನು ಇವತ್ತು ಈ ಕಥೆ ಆರಿಸಿದ್ದೇ ಆಕೆಗಾಗಿ. ದೀಕ್ಷಾಸ್ನಾನ ಆದಾಗ ಎರಡು ವರ್ಷದ ಮಗು, ಕೇಳಿದವರು ಯಾರು? ಅಮ್ಮನ ಹೆಸರು ಮೂರು ಖಂಡದಲ್ಲಿ. ನಿಮ್ಮಲ್ಲಿ ಪಾಸ್ಟರ್ ಮಕ್ಕಳಿದ್ದೀರಲ್ಲ, ನಿಮಗೆ ಆ ಭಾರ ಗೊತ್ತು. ಆಕೆ ಇಂಗ್ಲೆಂಡ್, ಅಮೆರಿಕದಲ್ಲಿ ಓದಿದವರು. ಅಲ್ಲೇ ಉಳಿಯಬಹುದಿತ್ತು. ವಾಪಸ್ ಬಂದರು. ಶಾರದಾ ಸದನದ ಜವಾಬ್ದಾರಿ ಹೊತ್ತರು. 1912ರಲ್ಲಿ ಗುಲ್ಬರ್ಗಾದಲ್ಲಿ, ನಮ್ಮ ಈಗಿನ ಕಲಬುರಗಿಯಲ್ಲಿ, ತಾಯಿ ಮಗಳು ಸೇರಿ ಒಂದು ಕ್ರೈಸ್ತ ಹೈಸ್ಕೂಲ್ ಶುರು ಮಾಡಿದರು. ಪ್ರಿನ್ಸಿಪಾಲ್ ಮನೋರಮಾ. ಅಜ್ಜಿ ಹಸಿವಿನಿಂದ ಸತ್ತ ರಾಯಚೂರಿನಿಂದ ಅದೇ ರೈಲು ದಾರಿಯಲ್ಲಿ ಕೆಲವೇ ತಾಸಿನ ದೂರ, ಅದೇ ನಿಜಾಮರ ಸೀಮೆ.

ಮನೋರಮಾ 1921ರ ಜುಲೈನಲ್ಲಿ, ನಲವತ್ತನೇ ವಯಸ್ಸಿಗೆ, ಅಮ್ಮನಿಗಿಂತ ಮುಂಚೆಯೇ ಕರ್ತರ ಬಳಿಗೆ ಹೋದರು. ಮಗಳನ್ನು ಮಣ್ಣು ಮಾಡಿ ಬಂದ ತಾಯಿ ಮತ್ತೆ ಬರೆಯೋಕೆ ಕೂತರು. ಹಳ್ಳಿ ಹೆಂಗಸರಿಗೂ ತಿಳಿಯಲಿ ಅಂತ ಇಬ್ರಿಯ, ಗ್ರೀಕ್‌ನಿಂದ ಸರಳ ಮರಾಠಿಗೆ ಬೈಬಲ್ ಅನುವಾದಿಸುತ್ತಿದ್ದರು. ಕಲ್ಕತ್ತಾದಲ್ಲಿ ಕೈಗೆ ಬಂದು ಅರ್ಥವಾಗದೆ ಹೋದ ಆ ಪುಸ್ತಕ ನೆನಪಿದೆಯಲ್ಲ? ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಅವರೂ ಹೋದರು.

ವರ್ಶಿಪ್ ಟೀಮ್ ಮುಂದೆ ಬನ್ನಿ, ಆದರೆ ಐದು ನಿಮಿಷ ಏನೂ ನುಡಿಸಬೇಡಿ. ಎಲ್ಲರೂ ಕಣ್ಣು ಮುಚ್ಚಿ. ಅಪ್ಪ ಅಮ್ಮ ಕಲಿಸಿದ ಪ್ರಾರ್ಥನೆ ಈ ಐದು ನಿಮಿಷ ಪಕ್ಕಕ್ಕಿಡಿ. ನಿಮ್ಮ ಮಾತಲ್ಲಿ, ರಾಯಚೂರು ಕನ್ನಡದಲ್ಲೇ ಆಗಲಿ, ಪ್ರಶ್ನೆಯೇ ಆಗಲಿ, ಕರ್ತರ ಹತ್ತಿರ ಮಾತಾಡಿ.